ಸ್ವಿಫ್ಟ್‌ಗೆ ಕ್ಯಾಂಬರ್, ಟೋ ಎಷ್ಟಿಡಬೇಕ್ರಿ? 90 ದಾಟಿದ್ರ ಸ್ಟೇರಿಂಗ್ ನಿಲ್ಲವಲ್ದು

ಜಾಂಬೋಟಿ ರೋಡ್ (ಬೆಳಗಾವಿ)

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 2018ರ ಪೆಟ್ರೋಲ್ ಸ್ವಿಫ್ಟ್, ತೂಕ 860 ಕೆಜಿ ಆಸುಪಾಸು. ಸ್ಪ್ರಿಂಗ್ ಬದಲಿಸಿ 30 ಎಂಎಂ ಕೆಳಗ ಇಳಿಸೇನಿ, ಟೈರು 185/65 ಆರ್15, ಮುಂದ ಎರಡೂ ಕಡೆ ಕ್ಯಾಂಬರ್ (ಗಾಲಿ ಒಳಗ ಹೊರಗ ವಾಲಿರೂದು) ಹೊಂದಿಸೂ ಬೋಲ್ಟ್ ಹಾಕಿದ್ದೈತಿ. ದಿನಾ ಆಫೀಸಿಗೂ ಇದ ಗಾಡಿ, ರವಿವಾರ ನಸುಕಿನ್ಯಾಗ ಕಣಕುಂಬಿ ದಾಟಿ ಚೋರ್ಲಾ ಘಾಟಿಗೂ ಇದ. ಚಳಿಗಾಲದಾಗ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಒಂದು ಟ್ರ್ಯಾಕ್ ಡೇಕ್ಕ ಹೋಗೋ ವಿಚಾರ ಐತಿ.

ಹಗುರ ಸ್ಪೋರ್ಟ್ಸ್ ಕಾರಿನ ಸೆಟ್ಟಿಂಗ್ ಹುಡುಕಿದ್ರ ಎಲ್ಲಾ ಕಡೆ ಮಾಜ್ದಾ ಎಂಎಕ್ಸ್-5 ಅಂಕಿನ ಸಿಗತಾವ. ಅವನ್ನ ನೋಡಿ ಅಲೈನ್‌ಮೆಂಟ್ ಅಂಗಡ್ಯಾಗ ಮುಂದಿನ ಕ್ಯಾಂಬರ್ ಮೈನಸ್ ಒಂದೂವರೆ ಡಿಗ್ರಿ (ಗಾಲಿ ತಲಿ ಒಳಗ ವಾಲಿರೂದು), ಟೋ-ಔಟ್ (ಗಾಲಿ ಮುಂದಿನ ಅಂಚು ಹೊರಗ ತಿರಗಿರೂದು) ಒಟ್ಟು 2 ಎಂಎಂ ಇಡ್ರಿ ಅಂದೆ. ಘಾಟಿನ ತಿರುವಿನ್ಯಾಗ ಮೂತಿ ಭಾಳ ಚಲೋ ತಿರಗತೈತಿ, ಸುಳ್ಳ ಯಾಕ ಹೇಳ್ಲಿ. ಆದ್ರ ಕಿತ್ತೂರ ಕಡೆ ಹೈವೇದಾಗ 90 ದಾಟಿತಂದ್ರ ಸ್ಟೇರಿಂಗ್ ಒಂದ್ ಕಡೆ ನಿಲ್ಲವಲ್ದು. ಲಾರಿ ಗಾಲಿ ಬಿದ್ದ ತಗ್ಗು ಸಿಕ್ರ ಸಾಕು, ಮೇವು ಕಂಡ ಎತ್ತಿನಂಗ ಅತ್ತ ಎಳಿತೈತಿ. ಕೈ ಸಡಿಲ ಬಿಟ್ರ ಬಲಕ್ಕ ಜಗ್ಗತೈತಿ. ಮುಂದಿನ ಟೈರಿನ ಒಳ ಅಂಚು ಆಗಲೇ ಸವದೈತಿ. ಹಳೇ ಸ್ಪ್ರಿಂಗ್ ತಿರಗಿ ಹಾಕ್ಬೇಕೇನ್ರಿ?

ಕೆಎ-28 ಡಬಲ್ ಕ್ಲಚ್ (ವಿಜಯಪುರ)

ಬ್ಯಾಲೆನ್ಸಿಂಗ್ ಮಾಡ್ಸಿ ಟೈರ್ ಹಿಂದ ಮುಂದ ಹಾಕ್ರಿ, ಹೊಕ್ಕೈತಿ. ನಮ್ಮ ಕಡೆ ರೋಡೆಲ್ಲಾ ನೆಟ್ಟಗ ಅದಾವ, ಕ್ಯಾಂಬರ್ ಗಿಂಬರ್ ಯಾರಿಗೆ ಬೇಕ್ರಿ 😀

ಉದ್ಯಮಬಾಗ ಫಿಟ್ಟರ್ (ಬೆಳಗಾವಿ)

ಬ್ಯಾಲೆನ್ಸಿಂಗ್ ತಪ್ಪಿದ್ರ ಸ್ಟೇರಿಂಗ್ ನಡುಗತೈತಿ, ಹಿಂಗ ಅಲೀಯೂದಿಲ್ಲ. ಸ್ಪ್ರಿಂಗಿಗೆ ಈಗ ಕೈ ಹಚ್ಚಬ್ಯಾಡ್ರಿ.

ಮೊದಲ ಗಾಡಿ ಜಾಕ್ ಮ್ಯಾಲ ಎತ್ತಿ, ಗಾಲಿ ಮ್ಯಾಲ ಕೆಳಗ ಹಿಡಿದು ಅಲುಗಾಡಿಸ್ರಿ, ಆಮ್ಯಾಲ ಎಡಬಲ ಹಿಡಿದು. ಬಾಲ್ ಜಾಯಿಂಟು, ಟೈ ರಾಡ್ ಎಂಡು, ಲೋವರ್ ಆರ್ಮ್ ಬುಷ್ ಗಾಲಿ ಹಿಡಿದಿರೂ ಈ ಜೋಡಣಿಗಳಾಗ ಪ್ಲೇ (ಸಡಿಲು) ಇದ್ರ ಅಲೈನ್‌ಮೆಂಟ್ ದುಡ್ಡು ನೀರಾಗ ಹಾಕಿದಂಗ. ಕಬ್ಬಿನ ಸೀಸನ್ನಿನ್ಯಾಗ ನಮ್ಮ ರೋಡು ಬುಷ್ ಉಳಿಸೂದಿಲ್ಲ. ಮತ್ತ ಟೈರಿನ ಮ್ಯಾಲ ಅಡ್ಡ ಕೈ ಆಡಿಸ್ರಿ. ಒಂದು ದಿಕ್ಕಿಗೆ ನುಣ್ಣಗ, ವಾಪಸ್ ಬರುವಾಗ ಚೂಪು ಹತ್ತಿದ್ರ ಅದು ಟೋ. ಅಂಚು ಸವದು ನುಣ್ಣಗ ಇದ್ರ ಅದು ಕ್ಯಾಂಬರ್. ಅಂಗಡಿಯವರು ಕೊಟ್ಟ ಚೀಟಿ ಇದ್ರ ಅಂಕಿ ಇದ್ದದ್ದು ಇದ್ದಂಗ ಬರೀರಿ.

ಜಾಂಬೋಟಿ ರೋಡ್

ಪ್ಲೇ ಎಲ್ಲೂ ಇಲ್ರಿ ಅಣ್ಣಾರ. ಕೈ ಆಡಿಸಿದ್ರ ಚೂಪು ಹತ್ತತೈತಿ, ಎರಡೂ ಟೈರಿಗೆ. ಚೀಟ್ಯಾಗಿಂದು:

ಮುಂದಿನ ಕ್ಯಾಂಬರ್: ಎಡ −1°30′, ಬಲ −0°40′
ಮುಂದಿನ ಟೋ: ಎಡ −0°20′, ಬಲ −0°20′ (ಮೈನಸ್ ಅಂದ್ರ ಟೋ-ಔಟ್)
ಹಿಂದಿನ ಕ್ಯಾಂಬರ್: −1°00′, −1°05′
ಹಿಂದಿನ ಟೋ: +0°10′, +0°12′

ಕ್ಯಾಸ್ಟರ್ (ಗಾಲಿ ಹೊಳ್ಳೂ ಅಚ್ಚು ಹಿಂದ ಮುಂದ ವಾಲಿರೂದು) ಎರಡೂ ಕಡೆ ಹೆಚ್ಚು ಕಡಿಮಿ ಒಂದ ಐತಿ.

ಉದ್ಯಮಬಾಗ ಫಿಟ್ಟರ್

ಸಿಕ್ತು ನೋಡ್ರಿ. ನೀವ ಕೇಳಿದ್ದು ಎಂಎಂ, ಮಶೀನ್ ತೋರಸೂದು ಡಿಗ್ರಿ-ಮಿನಿಟ್ (60 ಮಿನಿಟ್ ಕೂಡಿದ್ರ ಒಂದು ಡಿಗ್ರಿ). 20 ಮಿನಿಟ್ ಅಂದ್ರ 2 ಎಂಎಂ ಅಂತ ಯಾರೋ ಹಿಡದಂಗ ಕಾಣತೈತಿ, ಅದೂ ಒಟ್ಟು ಅಲ್ಲ, ಒಂದೊಂದು ಗಾಲಿಗೆ.

ಲೆಕ್ಕ ಇಷ್ಟ: 15 ಇಂಚಿನ ರಿಮ್ಮಿನ ಅಡ್ಡಳತಿ 381 ಎಂಎಂ. ಅದರ ಮ್ಯಾಲ 10 ಮಿನಿಟ್ ಅಂದ್ರ 1.1 ಎಂಎಂ. ನಿಮ್ಮದು ಎರಡೂ ಕೂಡಿ 40 ಮಿನಿಟ್, ಅಂದ್ರ 4.4 ಎಂಎಂ ಟೋ-ಔಟ್. ಕೇಳಿದ್ದಕ್ಕಿಂತ ಎರಡು ಪಟ್ಟು ಮ್ಯಾಲ. ಇದ 40 ಮಿನಿಟ್ ರಿಮ್ ಬಿಟ್ಟು ಟೈರಿನ ಹೊರ ಅಂಚಿಗೆ ಅಳದ್ರ 7 ಎಂಎಂ ದಾಟತೈತಿ. ಅದಕ್ಕ ಎಂಎಂ ಹೇಳುವಾಗ ಎಲ್ಲಿ ಅಳದದ್ದು ಅನ್ನೂದನ್ನೂ ಹೇಳ್ಬೇಕು. ನಾನಂತೂ ಅಂಗಡ್ಯಾಗ ಮಿನಿಟ್‌ನಾಗ ಮಾತಾಡ್ತೇನಿ, “ಒಂದ್ ಗಾಲಿಗೆ ಇಷ್ಟು, ಒಟ್ಟು ಇಷ್ಟು” ಅಂತ ಎರಡೂ ಬರದು ಕೊಡ್ತೇನಿ.

ಟೋ-ಔಟ್ ಇದ್ದಾಗ ಎರಡೂ ಗಾಲಿ ಹೊರಗ ಹೋಗಾಕ ನೋಡತಾವ. ಯಾವ ಗಾಲಿ ಮ್ಯಾಲ ಆ ಕ್ಷಣಕ್ಕ ಭಾರ ಜಾಸ್ತಿಯೋ ಅದರ ಮಾತು ನಡೀತೈತಿ. ತಿರುವಿನ್ಯಾಗ ಮೂತಿ ಲಗೂನ ಹೊಳ್ಳೂದು, ಹೈವೇದಾಗ ಅಲಿಯೂದು, ಎರಡೂ ಅದರಿಂದನ. ಗಾಡಿ ಹಗುರ ಇದ್ದಷ್ಟೂ ಇದು ಕೈಗೆ ಜಾಸ್ತಿ ಗೊತ್ತಾಗತೈತಿ.

ಬಲಕ್ಕ ಜಗ್ಗೂದು ಬ್ಯಾರೆ ಸಂಗತಿ. ಎಡಬಲ ಕ್ಯಾಂಬರಿಗೆ 50 ಮಿನಿಟ್ ಫರಕ್ ಐತಿ. ಯಾವ ಕಡೆ ನೆಗೆಟಿವ್ ಕಡಿಮಿಯೋ ಗಾಡಿ ಆ ಕಡೆ ಎಳಿತೈತಿ. ಕ್ಯಾಂಬರ್ ಬೋಲ್ಟ್ ಒರಿಜಿನಲ್ ಬೋಲ್ಟಿಗಿಂತ ಸಣ್ಣದು, ದೊಡ್ಡ ತಗ್ಗು ಬಡದ್ರ ಜಾರೂದು ಉಂಟು. ಟೈಟ್ ಮಾಡಿದ ಮ್ಯಾಲ ಬೋಲ್ಟಿನ ತಲಿ ಮ್ಯಾಲಿಂದ ಸ್ಟೇರಿಂಗ್ ನಕಲ್ (ಗಾಲಿ ಕೂಡೂ ಕಬ್ಬಿಣದ ಭಾಗ) ತನಕ ಬಿಳಿ ಪೇಂಟಿನ ಗೆರಿ ಎಳೀರಿ, ಜಾರಿದ್ರ ಕಣ್ಣಿಗೆ ಕಾಣತೈತಿ.

ಹಿಂದಿನ ಗಾಲಿ (ಬೆಂಗಳೂರು)

ಫಿಟ್ಟರ್ ಸರ್ ಹೇಳಿದ್ದು ಸರಿ. ಎಂಎಕ್ಸ್-5 ವಿಷಯಕ್ಕೆ ಒಂದು ಮಾತು ಸೇರಿಸ್ತೀನಿ. 1989ರಲ್ಲಿ ಬಂದ ಆ ಮೊದಲ ಕಾರಿಗೆ ನಾಲ್ಕೂ ಚಕ್ರಕ್ಕೆ ಮೇಲೊಂದು ಕೆಳಗೊಂದು ತೋಳಿರೋ ಡಬಲ್ ವಿಶ್‌ಬೋನ್, ಎಂಜಿನ್ ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ಹಿಂದೆಯೂ ಕ್ಯಾಂಬರ್, ಟೋ ಎರಡನ್ನೂ ತಿರುಗಿಸಿ ಹೊಂದಿಸಬಹುದು. ಬಾಲ ಜಾರದಿರಲಿ ಅಂತ ಹಿಂದೆ ಸ್ವಲ್ಪ ಜಾಸ್ತಿ ನೆಗೆಟಿವ್ ಇಡ್ತಾರೆ. ಸ್ವಿಫ್ಟ್‌ನಲ್ಲಿ ಹಿಂದೆ ಇರೋದು ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸೋ ಒಂದೇ ತೊಲೆ), ಶಿಮ್ (ತೆಳು ತಗಡು) ಹಾಕದೆ ಅಲ್ಲಿ ಏನೂ ಬದಲಾಗಲ್ಲ.

ಮುಂದೆ ಇರೋದು ಕೆಳಗೆ ಮಾತ್ರ ತೋಳಿರೋ ಮ್ಯಾಕ್‌ಫರ್ಸನ್ ಸ್ಟ್ರಟ್. ತಿರುವಿನಲ್ಲಿ ಬಾಡಿ ವಾಲಿದಾಗ ಹೊರಗಿನ ಚಕ್ರವೂ ಅದರ ಜೊತೆ ಹೊರಕ್ಕೆ ವಾಲತ್ತೆ, ವಿಶ್‌ಬೋನ್ ತರಹ ತಾನೇ ಸರಿಮಾಡಿಕೊಳ್ಳಲ್ಲ. ಗಾಡಿ ಕೆಳಗಿಳಿಸಿದರೆ ಲೋವರ್ ಆರ್ಮ್ ಹೊರತುದಿ ಮೇಲಕ್ಕೆದ್ದು ಆ ಗುಣ ಇನ್ನೂ ಕೆಡತ್ತೆ. ಆದ್ದರಿಂದ ಇಲ್ಲಿ ಮುಂದಿನ ಕ್ಯಾಂಬರ್ ನಿಜವಾಗಿ ಬೇಕು. ಟೋ-ಔಟ್ ಅಷ್ಟೊಂದು ಬೇಡ.

ಜಾಂಬೋಟಿ ರೋಡ್

ಈಗ ತಿಳೀತ್ರಿ. ಹಂಗಾದ್ರ ನನ್ನ ಗಾಡಿಗೆ ಎಷ್ಟಿಡ್ಲಿ? ಮನ್ಯಾಗ ಅಳಿಯಾಕ ಬರತೈತೇನು? ಪೋರ್ಚ್ ಕಾಂಕ್ರೀಟಿಂದು.

ಉದ್ಯಮಬಾಗ ಫಿಟ್ಟರ್

ಮುಂದ ಎರಡೂ ಕಡೆ −1°15′, ಫರಕ್ 10 ಮಿನಿಟ್ ಒಳಗ. ಟೋ ಒಟ್ಟು ಸೊನ್ನಿ, 5 ಮಿನಿಟ್ ಹೆಚ್ಚು ಕಡಿಮಿ ನಡೀತೈತಿ. ಹಿಂದಿಂದು ಚಲೋ ಐತಿ, ಮುಟ್ಟಬ್ಯಾಡ್ರಿ. ಚೋರ್ಲಾ ಮಳ್ಯಾಗ ನೀರು ನಿಂತ ರೋಡಿಗೆ ಟೋ-ಔಟ್ ಇಟ್ಕೊಂಡು ಹೋಗೂದು ನನಗ ಸೇರೂದಿಲ್ಲ. ಕರಿ ಟ್ರ್ಯಾಕಿಗೆ ಹೋಗುವಾಗ ಒಟ್ಟು 10 ಮಿನಿಟ್ ಟೋ-ಔಟ್ ಮಾಡ್ಕೊಳ್ರಿ, ಹೊಳ್ಳಿ ಬರೂಕಿಂತ ಮೊದಲ ಸೊನ್ನಿಗೆ ತರ್ರಿ. ಕ್ಯಾಂಬರ್ ಮೈನಸ್ ಎರಡು ಬೇಕಂದ್ರ ಬೋಲ್ಟಿಗೆ ಜೋತು ಬೀಳಬ್ಯಾಡ್ರಿ, ಸ್ಟ್ರಟ್ಟಿನ ತಲಿ ಸರಸೂ ಟಾಪ್ ಮೌಂಟ್ ಪ್ಲೇಟ್ ಹಾಕ್ಬೇಕು.

ಮನ್ಯಾಗ ಬರತೈತಿ. ಗೌಂಡಿಗಳ ನೀರಿನ ಪೈಪ್ ಹಿಡಿದು ನಾಲ್ಕೂ ಗಾಲಿ ಜಾಗಾ ಮಟ್ಟ ನೋಡ್ರಿ, ತಗ್ಗಿದ್ದಲ್ಲಿ ತಗಡು ಇಡ್ರಿ. ಮುಂದಿನ ಗಾಲಿ ಕೆಳಗ ಎರಡೆರಡು ಟೈಲ್ಸ್, ನಡುವ ಗ್ರೀಸ್, ಇಲ್ಲಂದ್ರ ಗಾಲಿ ಸಡಿಲಾಗಿ ಕೂಡೂದಿಲ್ಲ. ಡ್ರೈವರ್ ಸೀಟಿನ ಮ್ಯಾಲ 50 ಕೆಜಿ ಸಕ್ಕರಿ ಚೀಲ, ಅದರ ಮುಂದ 20 ಲೀಟರ್ ನೀರಿನ ಕ್ಯಾನು. ನಗಬ್ಯಾಡ್ರಿ, 860 ಕೆಜಿ ಗಾಡ್ಯಾಗ 70 ಕೆಜಿ ಬಲಕ್ಕ ಕುಂತ್ರ ಕ್ಯಾಂಬರ್ ಬದಲಾಗತೈತಿ. ಟೈರಿನ ಗಾಳಿ ಬಾಗಿಲದ ಸ್ಟಿಕರ್ ಪ್ರಕಾರ, ಪೆಟ್ರೋಲ್ ಅರ್ಧ ಟ್ಯಾಂಕ್.

ಎರಡೂ ಬದಿಗೆ ಗಾಲಿ ನಡುವಿನ (ಹಬ್) ಎತ್ತರಕ್ಕ ದಾರ ಬಿಗೀರಿ. ಎರಡು ದಾರದ ನಡುವಿನ ಅಂತರ ಮುಂದ ಹಿಂದ ಒಂದ ಇರಬೇಕು, ಗಾಡಿ ನಟ್ಟನಡುವ ಇರಬೇಕು. ಮುಂದಿನ ಹಿಂದಿನ ಗಾಲಿ ಅಗಲ ಒಂದ ಇರೂದಿಲ್ಲ, ಅದಕ್ಕ ದಾರಾನ ಗಾಲಿಗೆ ತಾಗಿಸಿ ಬಿಗೀಬ್ಯಾಡ್ರಿ. ಆಮ್ಯಾಲ ಸ್ಟೀಲ್ ಸ್ಕೇಲ್ ಹಿಡಿದು ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ದಾರಕ್ಕ ಎಷ್ಟು ದೂರ ನೋಡ್ರಿ. ಮುಂದಿನ ಅಂಚು ದೂರ ಇದ್ರ ಟೋ-ಇನ್, ಹತ್ರ ಇದ್ರ ಟೋ-ಔಟ್. ಕ್ಯಾಂಬರಿಗೆ ಫೋನಿನ ಲೆವೆಲ್ ಸಾಕು, ರಿಮ್ಮಿನ ಮ್ಯಾಲ ನೆಟ್ಟನ ಪಟ್ಟಿ ಇಟ್ಟು ಅದಕ್ಕ ಹಚ್ರಿ.

ಕ್ಯಾಂಬರ್ ಮೊದಲು, ಟೋ ಕಡೀಕ. ಕ್ಯಾಂಬರ್ ಮುಟ್ಟಿದ್ರ ಟೋ ತಾನ ಬದಲಾಗತೈತಿ. ಟೈ ರಾಡ್ ಎರಡೂ ಕಡೆ ಸಮ ತಿರುವ್ರಿ, ಇಲ್ಲಂದ್ರ ಸ್ಟೇರಿಂಗ್ ವಾರಿ ನಿಲ್ಲತೈತಿ.

ಜಾಂಬೋಟಿ ರೋಡ್

ಆತ್ರಿ. ಬಲಗಡೆ ಬೋಲ್ಟ್ ಜಾರಿತ್ತು, ಖರೇ. ಈಗ ಎರಡೂ −1°15′ ಹತ್ರ, ಟೋ ಸ್ಕೇಲಿಗೆ ಸೊನ್ನಿ. ಸಕ್ಕರಿ ಚೀಲ ನೋಡಿ ಮನ್ಯಾಗ ಅವ್ವಾರು ಯಾರದ ಮದವಿ ಅಂತ ಕೇಳಿದ್ರು. ಕಿತ್ತೂರ ತನಕ ಹೋಗಿ ಬಂದೆ, 100ಕ್ಕೂ ಸ್ಟೇರಿಂಗ್ ಗಟ್ಟಿ ನಿಲ್ಲತೈತಿ. ತಿರುವಿನ್ಯಾಗ ಮೊದಲಿನ ಚುರುಕು ಚೂರು ಕಡಿಮಿ ಅನಿಸ್ತು, ನಡೀತೈತಿ. ಆದ್ರ ಈಗ ಭಾಳ ಮೆಲ್ಲಕ ಎಡಕ್ಕ ಸರಿತೈತ್ರಿ.

ಉದ್ಯಮಬಾಗ ಫಿಟ್ಟರ್

ರೋಡು ನೀರು ಹರೀಲಿ ಅಂತ ಎಡಕ್ಕ ಇಳಿಜಾರ ಇರತೈತಿ, ಅಷ್ಟು ಸರಿಯೂದು ಸಹಜ. ಅನುಮಾನ ಇದ್ರ ಮುಂದಿನ ಎರಡು ಟೈರು ಅದಲು ಬದಲು ಮಾಡ್ರಿ. ಬಲಕ್ಕ ಸರೀತಂದ್ರ ದೋಷ ಟೈರಿನ್ಯಾಗ, ಅಲೈನ್‌ಮೆಂಟಿನ್ಯಾಗ ಅಲ್ಲ. ಟೈರಿನ ಬದಿಗೆ ದಿಕ್ಕಿನ ಬಾಣ ಇದ್ರ ಮಾತ್ರ ಹಂಗ ಬದಲಿಸಬ್ಯಾಡ್ರಿ. ಮತ್ತ ಒಳ ಅಂಚಿನ ಗೆರಿ 1.6 ಎಂಎಂ ಗುರುತಿಗೆ ಬಂದಿದ್ರ ಬದಲಿಸೂ ಮಾತ ಬ್ಯಾಡ, ಮಳಿಗಾಲಕ್ಕ ಮೊದಲ ಹೊಸಾವು ಹಾಕ್ಸ್ರಿ.

ಜಾಂಬೋಟಿ ರೋಡ್

ಬಾಣ ಇಲ್ರಿ. ಒಳ ಅಂಚು ಮಾತ್ರ ಗುರುತಿನ ಸಮೀಪ ಬಂದೈತಿ, ಹೊಸಾವ ನೋಡ್ತೇನಿ. 185ನ ಇರಲೋ 195 ಹಾಕಲೋ ಅಂತ ಬ್ಯಾರೆ ಕೇಳ್ತೇನಿ.

ಕೆಎ-28 ಡಬಲ್ ಕ್ಲಚ್

185 ಸಾಕ್ರಿ. ಮತ್ತ ಆ ಸಕ್ಕರಿ ಚೀಲ ಏನ್ ಮಾಡಿದ್ರಿ?