ಇನ್ಸುಲಿನ್, ಗುಳಿಗಿ ವಿಮಾನದಾಗ ಹೆಂಗ ಒಯ್ಯೋದು?

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ದುಬೈ, ಒಟ್ಟು 20 ದಿನ. ಅವ್ವಗ ಇನ್ಸುಲಿನ್ ಪೆನ್ನು, ಬಿಪಿ ಗುಳಿಗಿ, 150 ಎಂಎಲ್ ಕೆಮ್ಮಿನ ಔಷಧ ಅದಾವ. ಯಾವುದನ್ನ ಎಲ್ಲಿ ಇಡಬೇಕ್ರಿ?

ಉತ್ತರ 1: ಇನ್ಸುಲಿನ್ ಪೂರ್ತಿ ಕೈಚೀಲದಾಗ ಇರಲಿ. ಕೆಳಗಿನ ಸಾಮಾನಿನ ಖಾನೆಯೊಳಗ ಅದು ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ್ದು ಮತ್ತ ಕರಗಿದ್ರೂ ಉಪಯೋಗಕ್ಕ ಬರಂಗಿಲ್ಲ. ಐಸ್ ಪ್ಯಾಕಿಗೆ ನೇರ ತಾಗಿದ್ರೂ ಅದ ಗತಿ, ನಡುವ ಟವೆಲ್ ಸುತ್ತರಿ. ತೆರೆಯದ ಪೆನ್ನಿಗೆ 2ರಿಂದ 8 ಡಿಗ್ರಿ ಬೇಕು. ಬಳಸೋ ಪೆನ್ನು 30 ಡಿಗ್ರಿಯೊಳಗ ಸಾಮಾನ್ಯವಾಗಿ 28 ದಿನ ತಡೀತೈತಿ, ಆದ್ರ ಡಬ್ಬಿಯೊಳಗಿನ ಚೀಟಿ ನೋಡ್ರಿ, ಎಲ್ಲಾ ಒಂದ ನಮೂನಿ ಇರಂಗಿಲ್ಲ. ಸೂಜಿ ಹಚ್ಚಿದ್ದ ಪೆನ್ನು ಇಡಬ್ಯಾಡ್ರಿ, ಗಾಳಿಗುಳ್ಳೆ ಸೇರಿ ಡೋಸ್ ತಪ್ಪತೈತಿ.

ಉತ್ತರ 2: ಗುಳಿಗಿ ಒಂದು ವಾರದ್ದು ಹೆಚ್ಚಿಗಿ ಸೇರಿಸಿ 27 ದಿನದ್ದು ಒಯ್ಯರಿ, ವಿಮಾನ ತಡ ಆದ್ರ ಬೇಕಾಗ್ತಾವ. ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಹಾಕಿದ್ರ ಹೆಸರು, ಅವಧಿ ಎರಡೂ ಹೋಗ್ತಾವ. ಡಾಕ್ಟರ್ ಚೀಟಿಯೊಳಗ ಪಾಸ್‌ಪೋರ್ಟಿನ ಹೆಸರ ಇರಬೇಕು, ಔಷಧಕ್ಕ ಜೆನೆರಿಕ್ ಹೆಸರು, ಅಂದ್ರ ಕಂಪನಿ ಇಟ್ಟ ಹೆಸರಲ್ಲ, ಒಳಗಿನ ಮದ್ದಿನ ಹೆಸರು. ಅಂದಹಾಂಗ, ಆ ಕೆಮ್ಮಿನ ಔಷಧದಾಗ ಕೊಡೀನ್ (ಅಫೀಮಿನ ಜಾತಿಯ ಮದ್ದು) ಐತೇನು? ಐತಂದ್ರ ಯುಎಇ ಆರೋಗ್ಯ ಇಲಾಖೆ ಪರವಾನಗಿ ಮೊದಲ ಆನ್‌ಲೈನ್‌ನಾಗ ತಗೋಬೇಕು. ಟ್ರಮಡಾಲ್ ಅನ್ನೋ ನೋವಿನ ಔಷಧಕ್ಕೂ ಹಂಗ.

ಪ್ರಶ್ನೆ ಕೇಳಿದವರು: ಕೊಡೀನ್ ಇಲ್ರಿ. ಆದ್ರ ಕೈಚೀಲದಾಗ ದ್ರವಕ್ಕ ಇರೋ 100 ಎಂಎಲ್ ಮಿತಿ?

ಉತ್ತರ 2: ಪ್ರಯಾಣದಾಗ ಬೇಕಾಗೋ ಔಷಧಕ್ಕ ವಿನಾಯಿತಿ ಐತಿ, ತಪಾಸಣೆಯೊಳಗ ಚೀಟಿ ಜೋಡಿ ಬ್ಯಾರೆ ತೆಗೆದು ತೋರಸ್ರಿ.

ಉತ್ತರ 3: ಪವರ್ ಬ್ಯಾಂಕ್ ಕೈಚೀಲದಾಗಷ್ಟ, 100 ವ್ಯಾಟ್-ಅವರ್ ಒಳಗಿಂದು. ಧಾರವಾಡ ಪೇಢೆ ನಡೀತೈತಿ. ಒಣಕೊಬ್ಬರಿ ಮಾತ್ರ ಮನ್ಯಾಗ ಬಿಡ್ರಿ, ಚೆಕ್-ಇನ್‌ನಾಗೂ ಬಿಡಂಗಿಲ್ಲ. ಅದರಾಗಿನ ಎಣ್ಣೆಗೆ ಬೆಂಕಿ ಹತ್ತತೈತಿ.