ಹಳೇ ಕಾರು ಚಾರ್ಜ್ ಆಗುತ್ತಿಲ್ಲ, ಆಲ್ಟರ್ನೇಟರ್ ಬದಲಿಸಲೇಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 1970ರ ದಶಕದ ಕಾರು. ಹೊಸ ಬ್ಯಾಟರಿ ಹಾಕಿದರೂ ಪದೇ ಪದೇ ಡೌನ್ ಆಗುತ್ತಿದೆ. ಸ್ಟಾರ್ಟ್ ಮಾಡಿ ಸುಮ್ನೆ ಬಿಟ್ಟರೆ ಹೆಡ್‌ಲೈಟ್ ಮಂಕಾಗಿ ಉರಿಯುತ್ತದೆ. ಗ್ಯಾರೇಜಿನಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಹೋಗಿದೆ ಅಂದರು. ಒರಿಜಿನಲ್ ತೆಗೆಯಲು ಮನಸ್ಸಿಲ್ಲ. ಬೇರೆ ಏನಾದರೂ ನೋಡಬಹುದಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಖಂಡಿತ ನೋಡಬಹುದು. ಏನನ್ನೂ ಬಿಚ್ಚುವ ಮೊದಲು ಮಲ್ಟಿಮೀಟರ್‌ನಿಂದ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ಅಳೆಯಿರಿ. ಎಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ಸುಮಾರು ತೋರಿಸಬೇಕು. ಎಂಜಿನ್ ಓಡುವಾಗ ಅದೇ ಜಾಗದಲ್ಲಿ 13.8ರಿಂದ 14.4 ಬರಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಅಂತ ಅರ್ಥ, ಆಗ ಬ್ಯಾಟರಿ ಕುದಿಯುತ್ತದೆ. ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಸಡಿಲ ಇದೆಯಾ ಅಂತಲೂ ನೋಡಿ.

ಇನ್ನೊಂದು ಮಾತು. ಆಲ್ಟರ್ನೇಟರ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ನೋಡುವ ಹಳೇ ಪದ್ಧತಿ ದಯವಿಟ್ಟು ಬೇಡ. ವೋಲ್ಟೇಜ್ ಒಮ್ಮೆಗೇ ಏರಿ, ಆಲ್ಟರ್ನೇಟರಿನ ಒಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಚೆನ್ನಾಗಿರುವ ಡಯೋಡ್ ಕೂಡ ಸುಡುತ್ತದೆ.

ಪ್ರಶ್ನೆ: ಬೆಲ್ಟ್ ಬಿಗಿಯಾಗಿದೆ ಸರ್. ಆಫ್ ಇದ್ದಾಗ 12.6. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) 12.2. ಆದರೆ ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ತಟ್ಟಂತ 14.1ಕ್ಕೆ ಏರಿ, ಆಮೇಲೆ ಐಡಲ್‌ಗೆ ಬಂದರೂ ಅಲ್ಲೇ ಸುಮಾರು ನಿಲ್ಲುತ್ತದೆ.

ಉತ್ತರ: ಹಾಗಾದರೆ ಆಲ್ಟರ್ನೇಟರ್ ಬದುಕಿದೆ! ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ಲೈಟ್ ಉರಿಯುತ್ತದಾ?

ಪ್ರಶ್ನೆ: ತೀರಾ ಮಸುಕು. ಈಚೆಗೆ ಡ್ಯಾಶ್‌ಬೋರ್ಡಿನ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿಸಿದ್ದೇನೆ.

ಉತ್ತರ: ನನ್ನ ಅನುಮಾನವೆಲ್ಲ ಅಲ್ಲೇ ಇದೆ. ಈ ಹಳೇ ಕಾರುಗಳಲ್ಲಿ ಆ ಬಲ್ಬ್ ಬರೀ ಸೂಚನೆಗೆ ಅಲ್ಲ. ಆಲ್ಟರ್ನೇಟರಿನ ಒಳಗೆ ತಿರುಗುವ ರೋಟರ್ ಮ್ಯಾಗ್ನೆಟ್ ಆಗಲು ಬೇಕಾದ ಮೊದಲ ಕರೆಂಟ್ ಅದರ ಮೂಲಕವೇ ಹೋಗಬೇಕು. ಎಲ್‌ಇಡಿ ಎಳೆಯುವ ಕರೆಂಟ್ ತೀರಾ ಕಡಿಮೆ, ಅದು ಸಾಲುವುದಿಲ್ಲ. ಜಾಸ್ತಿ ಸ್ಪೀಡ್ ಕೊಟ್ಟಾಗ ರೋಟರಿನಲ್ಲಿ ಉಳಿದಿರುವ ಅಲ್ಪ ಮ್ಯಾಗ್ನೆಟಿಸಮ್ಮಿನಿಂದಲೇ ಅದು ಎದ್ದುಕೊಳ್ಳುತ್ತದೆ. ಒಮ್ಮೆ ಎದ್ದರೆ ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುತ್ತದೆ, ಅದಕ್ಕೇ ಐಡಲ್‌ಗೆ ಬಂದರೂ ಬೀಳುವುದಿಲ್ಲ.

ಆ ಒಂದು ಜಾಗಕ್ಕೆ ಮಾತ್ರ ಮೊದಲಿದ್ದ ವ್ಯಾಟ್‌ನ ಫಿಲಮೆಂಟ್ ಬಲ್ಬ್ ವಾಪಸ್ ಹಾಕಿ. ಉಳಿದವು ಎಲ್‌ಇಡಿ ಇರಲಿ, ತೊಂದರೆ ಇಲ್ಲ. ಹಾಕಿದ ಮೇಲೆ ಕೀ ಆನ್ ಮಾಡಿದರೆ ಲೈಟ್ ಚೆನ್ನಾಗಿ ಉರಿದು, ಸ್ಟಾರ್ಟ್ ಆದ ಕೂಡಲೇ ಆರಬೇಕು. ಚೆನ್ನಾಗಿ ಉರಿಯದಿದ್ದರೆ ಆಲ್ಟರ್ನೇಟರಿನಲ್ಲಿ ರೋಟರಿಗೆ ಕರೆಂಟ್ ತಲುಪಿಸುವ ಕಾರ್ಬನ್ ಬ್ರಷ್ ಸವೆದಿದೆಯಾ ನೋಡೋಣ. ಅದು ಸಣ್ಣ ಕೆಲಸ, ಒರಿಜಿನಲ್ ಅನ್ನೇ ಉಳಿಸಿಕೊಳ್ಳಬಹುದು.