ಮಕ್ಕಳನ್ನು ಪಾರೆಗೆ ಕರೆದುಕೊಂಡು ಹೋದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಗೆ ಈ ವರ್ಷ ಸೇರಿದ್ದೇನೆ. ಆರನೇ ಕ್ಲಾಸಿಗೆ ವಿಜ್ಞಾನ. ಶಾಲೆಯ ಹಿಂದೆಯೇ ಪಾರೆ, ಅಂದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಯಲು ಇದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕಲಿಸುವ ಆಸೆ. ಆದರೆ ಪಾಠ ಹಿಂದೆ ಬೀಳುತ್ತದಾ, ಮನೆಯವರು ಏನಂತಾರೋ ಅಂತ ಅಳುಕು. ಹೇಗೆ ಶುರು ಮಾಡಲಿ?

ಬದಿಯಡ್ಕ ಕಡೆಯ ಶಿಕ್ಷಕಿ: ಟೀಚರ್, ಆಗಸ್ಟ್-ಸೆಪ್ಟೆಂಬರಿನಲ್ಲಿ ಶುರು ಮಾಡಿ, ಆಗ ಪಾರೆ ತುಂಬಾ ಹೂ. ಪ್ರವಾಸ ಮಾಡಬೇಡಿ. ಒಂದು ಪೀರಿಯಡ್, ಒಂದೇ ಕೆಲಸ. ‘ಪ್ರಕೃತಿ ನೋಡಿ ಬನ್ನಿ’ ಅಂದರೆ ಸುಮ್ನೆ ಓಡಾಡಿ ಬರುತ್ತಾರೆ (ಅದೂ ಬೇಕು ಅನ್ನಿ, ಆದರೆ ಅದಕ್ಕೆ ಆಟದ ಪೀರಿಯಡ್ ಇದೆ).

ನಾನು ನೀರು ಜಿನುಗುವ ಜಾಗದಲ್ಲಿ ಕೂರಿಸಿ ಭೂತಗನ್ನಡಿ ಕೊಡುತ್ತೇನೆ. ಓಣಂ ಹೂವಿನ ರಂಗೋಲಿಗೆ ಮಕ್ಕಳು ಕೊಯ್ದು ತರುವ ನೀಲಿ ಕಾಕ್ಕಪ್ಪೂ ಉಂಟಲ್ಲ, ಅದೂ ಹುಳ ಹಿಡಿಯುವ ಗಿಡವೇ. ಬಲೆ ಮಾತ್ರ ಒದ್ದೆ ಮಣ್ಣಿನೊಳಗೆ, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಹುಳ ಹಿಡಿಯುವುದು ಕಣ್ಣಿಗೇ ಕಾಣುವ ಡ್ರಾಸೆರಾ ಗಿಡ ಹುಡುಕಿ. ಎಲೆ ತುಂಬಾ ಕೆಂಪು ಕೂದಲು, ತುದಿಯಲ್ಲಿ ಇಬ್ಬನಿಯ ಹಾಗೆ ಹೊಳೆಯುವ ಅಂಟು. ಒಮ್ಮೆ ನಾವು ನೋಡುತ್ತಿದ್ದಾಗಲೇ ಒಂದು ನುಸಿ ಬಂದು ಕೂತಿತು. ಕಾಲು ಎತ್ತಿದಷ್ಟೂ ಅಂಟು ನೂಲಾಗಿ ಎಳೆಯಿತು. ಕ್ಲಾಸಲ್ಲಿ ಬಾಯೇ ಬಿಡದ ಹುಡುಗ, "ಬೇರು ಉಂಟಲ್ಲ ಟೀಚರ್, ಮತ್ತೆ ನುಸಿ ಯಾಕೆ ತಿನ್ನುದು?" ಅಂದ. ಉತ್ತರ ಹೇಳಲಿಲ್ಲ. ಮಣ್ಣು ಎಷ್ಟು ಆಳ ಇದೆ, ಕಡ್ಡಿ ಚುಚ್ಚಿ ನೋಡು ಅಂದೆ. ಒಂದು ಗೆಣ್ಣಿನಷ್ಟೂ ಇಲ್ಲ, ಕೆಳಗೆ ಬರೀ ಮುರಕಲ್ಲು. ಇಷ್ಟು ಮಣ್ಣಿನಲ್ಲಿ ಸಾರಜನಕ ಸಾಲದು, ಗಿಡ ಅದನ್ನು ಹುಳದಿಂದ ಪಡೆಯುತ್ತದೆ ಅನ್ನುವುದು ಮರುದಿನದ ಪಾಠ. ಅದಕ್ಕೆ ಜಾಸ್ತಿ ಹೊತ್ತು ಬೇಕಾಗಲೇ ಇಲ್ಲ. ಗಿಡ ಕೀಳಲು ಮಾತ್ರ ಬಿಡಬೇಡಿ.

ಮನೆಯವರಿಗೆ ನೋಟ್ಸ್ ಪುಸ್ತಕ ತೋರಿಸಿ. ಚಿತ್ರ, ದಿನಾಂಕ, ಮಗು ಕೇಳಿದ ಪ್ರಶ್ನೆ, ಎಲ್ಲ ಅದರಲ್ಲೇ ಇರಲಿ. ಅಪ್ಪ-ಅಮ್ಮಂದಿರಿಗೆ ಬರೆದದ್ದು ಕಂಡರೆ ಸಮಾಧಾನ.

ಕುಂಬಳೆಯ ಮಾಷ್ಟ್ರು: ಮೊದಲು ನೀವೊಬ್ಬರೇ ಹೋಗಿ ಜಾಗ ನೋಡಿ ಬನ್ನಿ. ಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ನೀರು ನಿಂತಿರುತ್ತದೆ, ಬದಿ ನೇರ ಇಳಿದಿರುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಅಂಥ ಕಡೆ ಬೇಡವೇ ಬೇಡ. ಅಕ್ಟೋಬರ್-ನವೆಂಬರಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಜಾಸ್ತಿ. ಬಯಲು ಪಾರೆಯಲ್ಲಿ ಸಿಡಿಲಿಗೆ ಮರೆ ಇಲ್ಲ. ಬೆಳಗ್ಗಿನ ಪೀರಿಯಡ್ ಕೇಳಿ ತಗೊಳ್ಳಿ. ಹೆಡ್‌ಮಾಷ್ಟ್ರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ.

ನಿವೃತ್ತ ಗಣಿತ ಶಿಕ್ಷಕ: ಹತ್ತಿರದ ತೋಟದಲ್ಲಿ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ಇದ್ದರೆ ಅದನ್ನು ನೋಡದೆ ಬಿಡಬೇಡಿ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಆದರೂ ಏಪ್ರಿಲಲ್ಲಿ ಕೊಡ ಹಿಡಿದು ಓಡುವುದು ಯಾಕೆ ಅಂತ ಮೊದಲು ಕೇಳಿ. ಆಮೇಲೆ 10 ಲೀಟರ್ ಬಕೆಟ್ ಮತ್ತು ಗಡಿಯಾರ ಸಾಕು. ಸುರಂಗದಿಂದ ಹರಿದು ಬರುವ ನೀರಿಗೆ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಅಂತ ಪ್ರತಿ ಗುಂಪೂ ಅಳೆಯಲಿ. ಒಬ್ಬೊಬ್ಬರದು ಒಂದೊಂದು ಲೆಕ್ಕ ಬಂದು ಜಗಳ ಆಗುತ್ತದೆ, ಆಗಲಿ. ಸರಾಸರಿ ಯಾಕೆ ಬೇಕು ಅಂತ ಆಗ ತಾನೇ ಗೊತ್ತಾಗುವುದು. ಡಿಸೆಂಬರಲ್ಲಿ ಅಳೆದದ್ದನ್ನು ಮಾರ್ಚಲ್ಲಿ ಪುನಃ ಅಳೆಸಿ, ಗ್ರಾಫ್ ಹಾಕಿಸಿ. ಸುರಂಗದ ಬಾಯಿಯಿಂದ ಒಳಗೆ ಯಾರನ್ನೂ ಬಿಡಬೇಡಿ, ತೋಟದವರು ‘ಏನೂ ಆಗುದಿಲ್ಲ’ ಅಂದರೂ.